ಪ್ರಾಣೇಶನ ಬುದ್ಧಿವಂತ ಬ್ರೇಕು

“ಅತ್ತಿಗೆ, ಬ್ರೇಕ್ ಪ್ಯಾಡ್ ಆರಿಸೋ ತಾಪತ್ರಯ ಇವತ್ತಿಗೆ ಭೂಲೋಕದಿಂದಲೇ ತೊಲಗಿತು!” ಎಂದು ಘೋಷಿಸಿ ಪ್ರಾಣೇಶ ಪಾತ್ರೆಯ ಮುಚ್ಚಳವನ್ನು ಎತ್ತಿದ.

ಸತ್ಯಭಾಮೆ ಬಗ್ಗಿ ನೋಡಿದಳು. ಒಳಗೆ ನಾಲ್ಕು ಕಪ್ಪು ಬಿಲ್ಲೆಗಳು ಗುಳಿಗೊಂದರಂತೆ ಬೆಂದು ಕೂತಿದ್ದವು. ಆದರೆ ಅವಳ ಕಣ್ಣು ಬಿಲ್ಲೆಗಳ ಮೇಲೆ ನಿಲ್ಲಲಿಲ್ಲ, ಗುಳಿಗಳ ಮೇಲೆ ನಿಂತಿತು.

“ಇದು ನನ್ನ ಇಡ್ಲಿ ಪಾತ್ರೆ.”

“ಆಗಿತ್ತು ಅತ್ತಿಗೆ, ಆಗಿತ್ತು! ಈಗ ಇದು ಪ್ರಯೋಗಶಾಲೆ!”

“ಒಂದು ವಾರದಿಂದ ಮನೆಯೆಲ್ಲ ಹುಡುಕಿದೀನಿ. ಬಾಗಿಲ ಪಕ್ಕದ ಗೂಡಿನಲ್ಲಿ ಬಟ್ಟೆ ಹೊದಿಸಿಟ್ಟಿದ್ದೆಯಲ್ಲ, ಅದು ಇದೇನಾ?”

“ಹದವಾಗಬೇಕಿತ್ತು,” ಎಂದ ಪ್ರಾಣೇಶ, ಉಪ್ಪಿನಕಾಯಿಯ ವಿಷಯ ಹೇಳುವ ಗಾಂಭೀರ್ಯದಿಂದ.

ಪ್ರಾಣೇಶ ಸತ್ಯಭಾಮೆಯ ಮೈದುನ. ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವನು. ಮದುವೆಯಾಗಿರಲಿಲ್ಲ. ಸಂಸಾರ ಮಾಡಿ ಹಾಳುಮಾಡಬೇಕಾದ ಹೊತ್ತನ್ನೆಲ್ಲ ಯಂತ್ರ ಮಾಡಿ ಹಾಳುಮಾಡುತ್ತಿದ್ದ. ಹಾಲು ಉಕ್ಕದಂತೆ ತಡೆಯುವ ಅವನ ಪಾತ್ರೆ ಹಾಲನ್ನು ಕಾಯಲೇ ಬಿಡದೆ ಒಡೆಸಿಹಾಕಿತ್ತು. ಸೊಳ್ಳೆ ಓಡಿಸುವ ಅವನ ಗಡಿಯಾರ ಸೊಳ್ಳೆಗಳನ್ನು ಬಿಟ್ಟು ನೆಂಟರನ್ನು ಓಡಿಸಿತ್ತು. ಇದೆಲ್ಲ ಗೊತ್ತಿದ್ದೂ ಸತ್ಯಭಾಮೆ ಅವನಿಗೆ ಒಂದು ಕೆಲಸ ಹೇಳಿದ್ದಳು. ತಪ್ಪು ಅಲ್ಲೇ ಆದದ್ದು.

ಕೆಲಸವೇನೋ ಸಣ್ಣದು. ಸತ್ಯಭಾಮೆ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಡ್ರಿಲ್ ಮಿಸ್ ಆಗಿ ನಿವೃತ್ತಳಾದವಳು. ಮೆಟ್ಟಿಲು ಹತ್ತಿದರೆ, ಏರು ನಡೆದರೆ ಮಂಡಿ ಹಿಡಿಯುತ್ತಿತ್ತು; ಸೈಕಲ್ ತುಳಿದರೆ ಏನೂ ಆಗುತ್ತಿರಲಿಲ್ಲ. ಆದ್ದರಿಂದ ಡಿಸ್ಕ್ ಬ್ರೇಕಿನ ಒಳ್ಳೆಯ ಸೈಕಲ್ಲೊಂದನ್ನು ಕೊಂಡಿದ್ದಳು. ಅವರಿದ್ದ ಬಡಾವಣೆ ಬೆಂಗಳೂರಿನ ಒಂದು ಗುಡ್ಡದ ಮೈಗೆ ಅಂಟಿಕೊಂಡದ್ದು. ಬೀದಿಯ ಮೇಲ್ತುದಿಯಲ್ಲಿ ಶ್ರೀನಿವಾಸನ ಗುಡಿ, ಕೆಳತುದಿಯಲ್ಲಿ ಬಸ್ಸು ಓಡುವ ದೊಡ್ಡ ರಸ್ತೆ, ನಡುವೆ ಇವರ ಮನೆ. ಈಚೆಗೆ ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಬೀದಿಯ ನಾಯಿಗಳೆಲ್ಲ ಎದ್ದು ಉತ್ತರ ಕೊಡುವಂತೆ ಕಿರುಚುತ್ತಿತ್ತು. ಪ್ಯಾಡು ಸವೆದಿದೆ, ಬದಲಾಯಿಸಬೇಕು ಎಂದು ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಮೇಲೆ ಇಸ್ಪೀಟಿನ ಎಲೆ ಹರಡಿದಂತೆ ಹರಡಿದ. ದುಂಡಗಿನದು, ಚೌಕದ್ದು, ಚಿಟ್ಟೆಯ ರೆಕ್ಕೆಯಂಥದು!

“ರೆಸಿನ್‌ದು ಕೊಡ್ಲಾ, ಮೆಟಲ್‌ದು ಕೊಡ್ಲಾ ಮಿಸ್? ರೆಸಿನ್ ಸದ್ದು ಮಾಡಲ್ಲ, ಆದ್ರೆ ಉದ್ದ ಇಳಿಜಾರಲ್ಲಿ ಕಾದ್ರೆ ಕೈಕೊಡುತ್ತೆ. ಮೆಟಲ್ ಬಾಳಿಕೆ ಬರುತ್ತೆ, ಆದ್ರೆ ಸ್ವಲ್ಪ ಕೂಗಾಡುತ್ತೆ. ನಿಮ್ಮ ಡಿಸ್ಕಿಗೆ ಒಗ್ಗುತ್ತಾ ಅಂತಾನೂ ನೋಡ್ಬೇಕು. ಒಂದು ಕೆಲಸ ಮಾಡಿ, ಹಳೇದನ್ನ ಬಿಚ್ಚಿ ತನ್ನಿ. ಅದೇ ಆಕಾರದ್ದು ಕೊಟ್ಬಿಡ್ತೀನಿ.”

ಮನೆಗೆ ಬಂದು ಅವಳು ಮೈದುನನಿಗೆ, “ಹಳೇ ಪ್ಯಾಡು ಬಿಚ್ಚಿಕೊಡಪ್ಪ,” ಎಂದಳು. ಅಷ್ಟೇ. ದೇವರಾಣೆಗೂ ಅಷ್ಟೇ.

“ನೋಡಿ ಅತ್ತಿಗೆ,” ಎಂದು ಪ್ರಾಣೇಶ ಈಗ ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದ. “ರೆಸಿನ್ನೋ ಮೆಟಲ್ಲೋ ಅಂತ ಮನುಷ್ಯ ಯಾಕೆ ಒದ್ದಾಡ್ಬೇಕು? ಪ್ಯಾಡೇ ತೀರ್ಮಾನ ಮಾಡ್ಲಿ! ಬೇಕಾದಾಗ ಮೆತ್ತಗಾಗುತ್ತೆ, ಬೇಕಾದಾಗ ಕಲ್ಲಾಗುತ್ತೆ. ಇದರೊಳಗೆ ನಾನು ಕಂಡುಹಿಡಿದ ಸ್ಮೃತಿಕಣ ಇದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅನ್ನೋದನ್ನ ಮನುಷ್ಯರನ್ನ ನೋಡಿ ಕಲಿಯುತ್ತೆ. ಈ ಗಾಜಿನ ಮಣಿ ಹ್ಯಾಂಡಲ್ ಮೇಲೆ ಕೂರುತ್ತೆ. ಇದೇ ಅದರ ಕಣ್ಣು, ಇದೇ ಅದರ ಕಿವಿ!”

“ನನ್ನ ಹಳೇ ಪ್ಯಾಡ್ ಎಲ್ಲಿ?”

“ಹೆಪ್ಪು ಹಾಕಿದೆ.”

“ಏನು ಹಾಕಿದೆ?”

“ಪುಡಿ ಮಾಡಿ ಹೊಸದಕ್ಕೆ ಹೆಪ್ಪು ಹಾಕಿದೆ ಅತ್ತಿಗೆ. ಮೊಸರಿಗೆ ಹಾಕಲ್ವೆ? ಸಂಸ್ಕಾರ ಮುಂದುವರೀಬೇಕು ನೋಡಿ.”

ಸತ್ಯಭಾಮೆ ಹಣೆಗೆ ಕೈಯಿಟ್ಟುಕೊಂಡಳು. ಬಾಗಿಲ ಬಳಿಯ ಬೆತ್ತದ ಕುರ್ಚಿಯಿಂದ ಅತ್ತೆ ಕೃಷ್ಣವೇಣಮ್ಮನವರ ದನಿ ಕೇಳಿಸಿತು.

“ಅಲ್ಲವೋ, ಆ ಪಾತ್ರೇನ ತಂದು ನನ್ನ ಕಿವಿ ಪಕ್ಕದಲ್ಲೇ ಯಾಕೆ ಇಟ್ಟಿದ್ದೆ?”

“ನಿನ್ನ ಪಾಠ ಕೇಳಲಿ ಅಂತ ಅಮ್ಮ! ಈ ಬೀದೀಲಿ ನಿನಗಿಂತ ಹೆಚ್ಚು ಸಲ ‘ನಿಲ್ಲು’ ಅನ್ನೋರು ಯಾರಿದ್ದಾರೆ ಹೇಳು?”

ಕೃಷ್ಣವೇಣಮ್ಮನವರ ಮುಖ ಅರಳಿತು. ಎಂಬತ್ತಾರು ವರ್ಷದ ಜೀವ. ಹೊಗಳಿಕೆ ಯಾವ ದಿಕ್ಕಿನಿಂದ ಬಂದರೂ ಬೇಡವೆನ್ನುವ ಕಾಲ ದಾಟಿತ್ತು.

ಅಂಗಳದಲ್ಲಿ ಪ್ರದರ್ಶನ ನಡೆಯಿತು. ಪ್ರಾಣೇಶ ಪಂಚೆ ಎತ್ತಿಕಟ್ಟಿ ಸೈಕಲ್ ಹತ್ತಿ ಕಾಂಪೌಂಡ್ ಗೋಡೆಯ ಮೇಲೇ ನುಗ್ಗಿದ. ಇನ್ನೇನು ಹಲ್ಲು ಉದುರಬೇಕು ಅನ್ನುವಾಗ ಸೈಕಲ್ಲು ಒಂದಿಷ್ಟೂ ಸದ್ದಿಲ್ಲದೆ, ಬೆಣ್ಣೆಯಲ್ಲಿ ಬೆರಳಿಟ್ಟಂತೆ ನಿಂತಿತು.

“ನೋಡಿದ್ಯಾ ಅಮ್ಮ!”

“ಗೋಡೆ ಕಂಡು ನಿಲ್ಲೋಕೆ ಇಷ್ಟೆಲ್ಲ ವಿದ್ಯೆ ಯಾಕೋ? ಎಮ್ಮೆಯೂ ನಿಲ್ಲುತ್ತೆ,” ಎಂದರು ಕೃಷ್ಣವೇಣಮ್ಮ.

ಆ ದಿನ ಏಕಾದಶಿ. ಕೃಷ್ಣವೇಣಮ್ಮನವರದು ನೀರೂ ಮುಟ್ಟದ ಉಪವಾಸ. ಡಾಕ್ಟರು ಬೇಡವೆಂದು ಬಹಳ ಹೇಳಿದ್ದರು, ಕೊನೆಗೆ ಸೋತು, “ಮಾಡಲೇಬೇಕು ಅಂದ್ರೆ ಮಾಡಲಿ. ಆದ್ರೆ ಮಾರನೇ ದಿನ ಬೆಳಗ್ಗೆ ಹೊಟ್ಟೆಗೆ ಬೀಳಲೇಬೇಕು. ಇನ್ನೊಂದು ದಿನ ಎಳೆದರೆ ನಾನು ಜವಾಬ್ದಾರನಲ್ಲ,” ಎಂದು ಸತ್ಯಭಾಮೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಮಾರನೆಯ ದ್ವಾದಶಿಯೋ ತೀರ ಅಲ್ಪ. ಏಳು ಗಂಟೆಯೊಳಗೆ ಉಪವಾಸ ಬಿಡುವ ಪಾರಣೆ ಮುಗಿಯಬೇಕು. ಮುಗಿಯದಿದ್ದರೆ ಆ ದಿನವೂ ಉಪವಾಸವೆಂದು ಅತ್ತೆಯ ಕಟ್ಟಳೆ. ಪಾರಣೆಗೆ ಮೊದಲು ಬಾಯಿಗೆ ಬೀಳಬೇಕಾದದ್ದು ಗುಡ್ಡದ ಶ್ರೀನಿವಾಸನ ತೀರ್ಥ. ಅದನ್ನು ಮಡಿಯಲ್ಲಿ, ಯಾರನ್ನೂ ಮುಟ್ಟದೆ ತರಬೇಕು. ಆಟೋದಲ್ಲಿ ಬಂದ ತೀರ್ಥ ಅವರ ಲೆಕ್ಕದಲ್ಲಿ ಬರೀ ನೀರು.

ಮೊದಲೆಲ್ಲ ತೀರ್ಥ ತರುತ್ತಿದ್ದವನು ದೊಡ್ಡ ಮಗ ಜಯತೀರ್ಥ, ಸತ್ಯಭಾಮೆಯ ಗಂಡ. ಪ್ರತಿ ದ್ವಾದಶಿಯ ಬೆಳಗ್ಗೆ ಕತ್ತಲಿರುವಾಗಲೇ ತಣ್ಣೀರು ಮಿಂದು ಗುಡ್ಡ ಹತ್ತುತ್ತಿದ್ದ. ಹೋದ ವರ್ಷದ ಆಚೆಯ ವರ್ಷ ಅವನು ತೀರಿಕೊಂಡ. ಆಮೇಲೆ ಆ ಕೆಲಸವನ್ನು ಯಾರೂ ಯಾರಿಗೂ ಹೇಳಲಿಲ್ಲ. ಕರ್ಮಾಂತರಗಳೆಲ್ಲ ಮುಗಿದ ಮೇಲಿನ ಮೊದಲ ದ್ವಾದಶಿಯ ಬೆಳಗ್ಗೆ ಸತ್ಯಭಾಮೆ ತಾನೇ ತಂಬಿಗೆ ಹಿಡಿದು ನಿಂತಿದ್ದಳು. ಕೃಷ್ಣವೇಣಮ್ಮ ನೋಡಿದರು. ಸೀರೆಯನ್ನು ಕಚ್ಚೆ ಹಾಕಿ ಉಡುವುದನ್ನು ಮಾತ್ರ ಹೇಳಿಕೊಟ್ಟರು. ಸೈಕಲ್ ತುಳಿಯಲು ಅದಕ್ಕಿಂತ ಅನುಕೂಲದ ಉಡುಪು ಇನ್ನೊಂದಿಲ್ಲವೆಂದು ಸತ್ಯಭಾಮೆಗೆ ಆಗ ತಿಳಿಯಿತು.

ದ್ವಾದಶಿಯ ಮುಂಜಾನೆ ಅವಳು ಮಿಂದು, ಮಡಿಯುಟ್ಟು, ಹಿತ್ತಾಳೆಯ ತಂಬಿಗೆಯನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ಹೊರಟಳು. ಮನೆಯಿಂದ ಸ್ವಲ್ಪ ಮೇಲೆ ಹಾಲಿನ ಬೂತು. ಬೂತಿನ ಮುನಿರಾಜು ಕ್ರೇಟು ಇಳಿಸುತ್ತಿದ್ದವನು ಹಲ್ಲುಬಿಟ್ಟ.

“ನಮಸ್ಕಾರ ಮಿಸ್! ಇಷ್ಟ್ ಬೇಗ ಎಲ್ಲಿಗೆ ಹೊರಟ್ರಿ?”

ಗಕ್ಕ!

ಎರಡು ಚಕ್ರಗಳೂ ನೆಲಕ್ಕೆ ಬೇರುಬಿಟ್ಟಂತೆ ನಿಂತವು. ಬ್ರೇಕಿನ ಮೇಲೆ ಅವಳ ಬೆರಳೂ ಇರಲಿಲ್ಲ. ತುಳಿದಳು, ನೂಕಿದಳು, ಕೆಳಗಿಳಿದು ಎಳೆದಳು. ಏನು ಮಾಡಿದರೂ ಮುಂದಕ್ಕೆ ಅಂಗುಲವೂ ಜರುಗದು. ಬೇಸತ್ತು ಸೈಕಲ್ಲಿನ ಮುಖವನ್ನು ಮನೆಯ ಕಡೆಗೆ ತಿರುಗಿಸಿದಳು ನೋಡಿ, ಗಾಳಿಯಲ್ಲಿ ತೇಲುವಂತೆ ಉರುಳತೊಡಗಿತು! ಮತ್ತೆ ಗುಡ್ಡದ ಕಡೆಗೆ ತಿರುಗಿಸಿದಳು. ಗಕ್ಕ!

ಬೇರೆ ದಾರಿ ಕಾಣದೆ ಮನೆಗೆ ಬಂದಳು.

“ಯಾಕಮ್ಮ, ಹೋದ ಹಾಗೇ ವಾಪಸ್ಸು ಬಂದೆ?” ಎಂದರು ಕೃಷ್ಣವೇಣಮ್ಮ. ರಾತ್ರಿಯೆಲ್ಲ ನೀರಿಲ್ಲದೆ ಅವರ ದನಿ ಒಣಗಿತ್ತು.

“ಆ ಮುನಿರಾಜು ‘ಎಲ್ಲಿಗೆ ಹೊರಟ್ರಿ’ ಅಂದ ಅತ್ತೆ. ಈ ಹಾಳು ಸೈಕಲ್ಲು ಅಲ್ಲೇ ಕಚ್ಕೊಂಡು ನಿಂತುಬಿಡ್ತು.”

“ನಿಲ್ಲದೆ ಇನ್ನೇನು ಮತ್ತೆ? ಹೊರಟವರನ್ನ ಎಲ್ಲಿಗೆ ಅಂತ ಕೇಳ್ತಾರೇನು? ಹೋದ ಕೆಲಸ ಕೆಡುತ್ತೆ. ತುಂಬಿದ ಕೊಡ ಎದುರಿಗೆ ಬಂದಿದ್ರೆ ನಿಲ್ಲಲೇಬಾರದು, ಹಾಗೇ ನಡೆದುಬಿಡಬೇಕು. ಆದ್ರೆ ಕೊಡ ಇದ್ರೂ ಸರಿಯೇ, ಎಲ್ಲಿಗೆ ಅಂದಮೇಲೆ ಮುಗೀತು. ಕೂತು, ಒಂದು ಗುಟುಕು ನೀರು ಕುಡಿದು ಹೊರಡು.”

ಸತ್ಯಭಾಮೆ ಕೂರಲಿಲ್ಲ. ಬಾಗಿಲ ಪಕ್ಕದ ಗೂಡನ್ನು ನೋಡಿದಳು. ಅದರ ಮಗ್ಗುಲಿಗೇ ಇದ್ದ ಬೆತ್ತದ ಕುರ್ಚಿಯನ್ನು ನೋಡಿದಳು. ಆಮೇಲೆ ಮೈದುನನನ್ನು ನೋಡಿದಳು.

“ಪ್ರಾಣೇಶ! ನಿನ್ನ ಬಿಲ್ಲೆಗಳು ಒಂದು ವಾರ ಕೂತು ಕಲಿತದ್ದು ಇದನ್ನೇನಯ್ಯ?”

ಪ್ರಾಣೇಶನ ಕಣ್ಣಲ್ಲಿ ಆನಂದಬಾಷ್ಪ! “ಅಂದ್ರೆ ಕಲಿತಿದೆ! ಅತ್ತಿಗೆ, ಕಲಿತಿದೆ!”

“ಅಂತೂ ಈ ಮನೇಲಿ ನಾನು ಹೇಳಿದ್ದನ್ನ ಒಬ್ಬರಾದ್ರೂ ಕಲಿತರಲ್ಲ,” ಎಂದರು ಕೃಷ್ಣವೇಣಮ್ಮ. “ಕಬ್ಬಿಣವೇ ಆಗಲಿ.”

“ಆ ಮಣಿ ಕಿತ್ತುಹಾಕು ಮೊದಲು!”

“ಅಯ್ಯೋ ಬೇಡಿ! ಕಿತ್ತರೆ ಕುರುಡಾಗುತ್ತೆ, ಹೆದರಿ ಡಿಸ್ಕನ್ನ ಶಾಶ್ವತವಾಗಿ ಕಚ್ಕೊಂಡುಬಿಡುತ್ತೆ. ನೀವು ಸುಮ್ಮನೆ ಕೂತು ನೀರು ಕುಡೀರಿ ಅತ್ತಿಗೆ.”

ಹಲ್ಲು ಕಚ್ಚಿಕೊಂಡು ಅವಳು ಕೂತಳು, ಕುಡಿದಳು. ಗುಟುಕಿನ ಸದ್ದು ಕೇಳಿದ್ದೇ ತಡ, ಹೊರಗೆ ಸೈಕಲ್ಲು “ಟಕ್” ಎಂದು ಬಿಟ್ಟುಕೊಂಡಿತು.

ಈ ಸಲ ಪ್ರಾಣೇಶನೂ ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ಓಡತೊಡಗಿದ. ಪರಿಶೀಲನೆ ಮಾಡಬೇಕಂತೆ. ಹೂವಿನವಳು “ಎಲ್ಲಿಗೆ ಹೊರಟ್ರಕ್ಕಾ?” ಎಂದಳು. ಗಕ್ಕ! ಸತ್ಯಭಾಮೆ ಮೋರಿಕಟ್ಟೆಯ ಮೇಲೆ ಕೂತು, ಮೈದುನ ಮುಟ್ಟದಂತೆ ಎತ್ತರದಿಂದ ಸುರಿದ ನೀರನ್ನು ಅಂಗೈಯಲ್ಲಿ ಹಿಡಿದು ಕುಡಿದಳು. ಇಸ್ತ್ರಿಯವನು ಕೇಳಿದ. ಗಕ್ಕ! ಮತ್ತೆ ಕೂತಳು, ಮತ್ತೆ ಕುಡಿದಳು. ಬೆಳಗಿನ ಹೊತ್ತು ನಮ್ಮ ಬೀದಿಗಳಲ್ಲಿ ಸೂರ್ಯನಿಗೂ ಆ ಪ್ರಶ್ನೆ ಹಾಕದೆ ಯಾರೂ ಬಿಡುವವರಲ್ಲ! ಕೊನೆಗೆ ಸತ್ಯಭಾಮೆಯ ಸಹನೆ ಕಟ್ಟೊಡೆಯಿತು. ಶಾಲೆಯ ಮೈದಾನದಲ್ಲಿ ಮೂವತ್ತು ವರ್ಷ ಮೆರೆದ ಕಂಠವನ್ನು ಹೊರತೆಗೆದಳು.

“ಎಲ್ಲರೂ ಕೇಳಿಸ್ಕೊಳ್ಳಿ! ಹೊರಟವರನ್ನ ಯಾರೂ ‘ಎಲ್ಲಿಗೆ’ ಅಂತ ಕೇಳಕೂಡದು! ಕೇಳಲೇಬೇಕು ಅಂದ್ರೆ ‘ದೂರ ಹೊರಟ್ರಾ’ ಅಂತ ಕೇಳಿ! ತಿಳೀತಾ?”

ಮೇಲಿನ ತಿರುವಿನಿಂದ ಕೆಳಗಿನ ಬೂತಿನವರೆಗೆ ಕೇಳಿಸಿತು. ಆ ಬೀದಿಯ ಅರ್ಧಕ್ಕರ್ಧ ಹೆಂಗಸರು ಅವಳ ಕೈಯಲ್ಲಿ ಕವಾಯತು ಕಲಿತವರು, ಉಳಿದರ್ಧ ಗಂಡಸರು ಅವರ ಕೈಯಲ್ಲಿ ಕಲಿತವರು. “ತಿಳೀತು ಮಿಸ್!” ಎಂದು ಬೀದಿಗೆ ಬೀದಿಯೇ ಒಪ್ಪಿಕೊಂಡಿತು.

ಮುಂದೆ ಒಂದು ಬೆಕ್ಕು ಅಡ್ಡ ಹೋಯಿತು. ಸೈಕಲ್ಲು ನಿಂತಿತು. ಪ್ರಾಣೇಶ ತಾನೇ ಮೊದಲು ದಾಟಿ ದೋಷವನ್ನು ತನ್ನ ತಲೆಯ ಮೇಲೆ ಹಾಕಿಕೊಂಡ. “ನಿನಗೆ ಹೊಸದಾಗಿ ಅಂಟೋದು ಏನಿದೆ, ಬಾ,” ಎಂದಳು ಸತ್ಯಭಾಮೆ.

ಅಷ್ಟರಲ್ಲಿ ಎದುರಿನಿಂದ ವಾಕಿಂಗಿಗೆ ಬರುತ್ತಿದ್ದ ಗೋಪಿನಾಥರಾಯರು ಕರವಸ್ತ್ರಕ್ಕೆ ಮೂಗು ತೂರಿಸಿ ಒಂದು ಸೀನು ಸೀನಿದರು.

ಗಕ್ಕ!

“ಒಂಟಿ ಸೀನು,” ಎಂದು ಪ್ರಾಣೇಶ ಪಿಸುಗುಟ್ಟಿದ. “ಜೋಡಿ ಆಗದೆ ಬಿಡಲ್ಲ ಅತ್ತಿಗೆ. ರಾಯರೇ, ದಯವಿಟ್ಟು ಇನ್ನೊಂದು ಸೀನಿ!”

“ಏನಂದ್ರಿ?”

“ಇನ್ನೊಂದು ಸೀನು ಸ್ವಾಮಿ! ತುಂಬ ಅರ್ಜೆಂಟು!”

“ನನಗೆ ಬಂದದ್ದು ಒಂದೇ ಕಣ್ರೀ! ಸೀನೇನು ಸಾಲ ತರೋ ಪದಾರ್ಥವೇ?”

“ಸೂರ್ಯನ್ನ ನೋಡಿ ರಾಯರೇ, ಬರುತ್ತೆ. ಮೂಗೆತ್ತಿ, ಹಾಂ, ಇನ್ನೂ ಸ್ವಲ್ಪ ಎತ್ತಿ!”

ರಾಯರು ದೊಡ್ಡ ಮನಸ್ಸು ಮಾಡಿ ಮೂಡಣಕ್ಕೆ ಮೂಗೆತ್ತಿ ನಿಂತರು. ಸೀನು ಬಂತು. “ಟಕ್” ಎಂದಿತು. ಸತ್ಯಭಾಮೆ ಪೆಡಲಿನ ಮೇಲೆ ಕಾಲಿಡುವಷ್ಟರಲ್ಲಿ ಮೂರನೆಯದೂ ಬಂತು. ಗಕ್ಕ!

“ರಾಯರೇ!” ಎಂದು ಅವಳು ಗುಡುಗಿದಳು. “ಸೀನೋದಾದ್ರೆ ಜೋಡಿ ಸೀನಿ, ಇಲ್ಲದಿದ್ರೆ ಮೂಗು ಹಿಡ್ಕೊಳ್ಳಿ!”

ಬೆದರಿದ ರಾಯರಿಗೆ ನಾಲ್ಕನೆಯದು ತಾನಾಗಿಯೇ ಬಂತು. ಕೂಡಲೇ ಎರಡೂ ಕೈಯಿಂದ ಮೂಗು ಹಿಡಿದುಕೊಂಡು ಪಕ್ಕಕ್ಕೆ ಸರಿದರು.

ಗುಡಿ ಸೇರುವ ಹೊತ್ತಿಗೆ ಅವಳ ಮಡಿಸೀರೆ ಬೆವರಿಗೆ ಎರಡನೆಯ ಸಲ ಒದ್ದೆಯಾಗಿತ್ತು. ಮಂಗಳಾರತಿ ಆಗಿಹೋಗಿತ್ತು. ಅರ್ಚಕರು ಗಡಿಯಾರ ನೋಡಿ, “ಇದೇನಮ್ಮ ಇಷ್ಟು ತಡ? ಅಮ್ಮನವರ ಪಾರಣೆ ತಪ್ಪೀತು, ಬೇಗ ಹೊರಡಿ,” ಎಂದು ತಂಬಿಗೆಯ ಕಂಠದವರೆಗೆ ತೀರ್ಥ ತುಂಬಿ ತುಳಸಿದಳ ಹಾಕಿ ಕೊಟ್ಟರು. ಸತ್ಯಭಾಮೆ ಗರ್ಭಗುಡಿಯ ಕಡೆ ಒಂದು ಕ್ಷಣ ಕಣ್ಣು ಮುಚ್ಚಿ ನಿಂತಳು. ಬೇರೇನೂ ಬೇಡಲಿಲ್ಲ. “ಆ ಮುದುಕಿಯನ್ನ ಇವತ್ತು ಹಸಿದು ಮಲಗಿಸಬೇಡಪ್ಪ,” ಎಂದಳು, ಅಷ್ಟೇ. ಏಳಕ್ಕೆ ಇನ್ನು ಐದು ನಿಮಿಷ. ಇಳಿಜಾರು, ಬ್ರೇಕಿನ ಮೇಲೆ ಬೆರಳಿಟ್ಟುಕೊಂಡು ಜಾರಿಕೊಂಡು ಹೋದರೆ ಎರಡೇ ನಿಮಿಷದ ದಾರಿ.

ತಂಬಿಗೆಯನ್ನು ಹ್ಯಾಂಡಲಿಗೆ, ಮಣಿಯ ಎದುರಿಗೇ ತೂಗುಹಾಕಿದಳು. ಸೈಕಲ್ಲು ಹೊರಟಿತು. ವೇಗ ಹತ್ತಿತು. ಬ್ರೇಕ್ ಹಿಡಿದಳು.

ಬ್ರೇಕು ಹಿಡಿಯಲಿಲ್ಲ.

ಬಲಗೈಯದು ಹಿಡಿದಳು, ಎಡಗೈಯದು ಹಿಡಿದಳು, ಎರಡನ್ನೂ ಸೇರಿಸಿ ಹಿಂಡಿದಳು. ಬಿಲ್ಲೆಗಳು ಡಿಸ್ಕನ್ನು ಮುಟ್ಟಲೂ ಸಂಕೋಚಪಡುತ್ತಿದ್ದವು!

“ಪ್ರಾಣೇಶಾ! ಬ್ರೇಕ್ ಹಿಡೀತಿಲ್ಲವೋ!”

ಹಿಂದೆ ಓಡಿಬರುತ್ತಿದ್ದ ಪ್ರಾಣೇಶನಿಗೆ ಥಟ್ಟನೆ ಹೊಳೆಯಿತು. “ತುಂಬಿದ ಕೊಡ ಅತ್ತಿಗೆ! ಅದರ ಕಣ್ಣೆದುರಿಗೇ ತುಂಬಿದ ಕೊಡ ಇದೆ! ಶುಭಶಕುನ! ಅದು ನಿಲ್ಲಲ್ಲ! ಚೆಲ್ಲಿಬಿಡಿ ಅತ್ತಿಗೆ, ತೀರ್ಥ ಚೆಲ್ಲಿಬಿಡಿ!”

“ನಿನ್ನ ತಲೆ ಮೇಲೆ ಚೆಲ್ತೀನಿ!”

ಸೆರಗನ್ನು ಎಳೆದು ತಂಬಿಗೆಯನ್ನು ಮರೆಮಾಡೋಣವೆಂದರೆ ಕೈಬಿಡುವಂತಿಲ್ಲ. ಮನೆಗಳು, ಮರಗಳು, ನಿಂತ ಕಾರುಗಳು ಎರಡೂ ಪಕ್ಕ ಹಿಂದಕ್ಕೆ ಹಾರುತ್ತಿದ್ದವು. ಕೆಳಗೆ ದೊಡ್ಡ ರಸ್ತೆಯಲ್ಲಿ ಬಸ್ಸುಗಳ ಸದ್ದು. ಒಂದು ತಂಬಿಗೆ ನೀರು ಬಗ್ಗಿಸಿದರೆ ಜೀವ ಉಳಿಯುತ್ತದೆ. ಆದರೆ ಅದು ನೀರೇ? ಬಾಗಿಲಲ್ಲಿ ಒಣಗಿದ ತುಟಿಯ ಮುದುಕಿಯೊಬ್ಬಳು ಕಾದು ಕೂತಿದ್ದಾಳೆ. ಇದನ್ನು ಚೆಲ್ಲಿ ಬರಿಗೈಯಲ್ಲಿ ಯಾವ ಮುಖ ಹೊತ್ತು ಅವಳ ಮುಂದೆ ನಿಲ್ಲಲಿ?

ಆಗ ಅವಳಿಗೆ ನೆನಪಾಯಿತು. ಕೊಡ ಎದುರಿದ್ದರೂ ಸರಿಯೇ, ಎಲ್ಲಿಗೆ ಅಂದಮೇಲೆ ಮುಗೀತು!

“ಎಲ್ಲಿಗೆ ಹೊರಟೆ ಸತ್ಯಭಾಮಾ?” ಎಂದು ತನ್ನನ್ನು ತಾನೇ ಕೇಳಿಕೊಂಡಳು. ಸೈಕಲ್ಲು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಂತ ಕೇಳಿಕೊಂಡರೆ ದೋಷವಿಲ್ಲವೆಂದು ಅತ್ತೆ ಯಾವಾಗಲೋ ವಿನಾಯಿತಿ ಕೊಟ್ಟಿದ್ದಿರಬೇಕು. ಮೈದುನ ಕೇಳಬಹುದಿತ್ತು, ಆದರೆ “ಚೆಲ್ಲಿಬಿಡಿ” ಎಂದು ಕೂಗುವುದರಲ್ಲೇ ಅವನ ಉಸಿರೆಲ್ಲ ಖರ್ಚಾಗಿ, ಎಲ್ಲೋ ಹಿಂದೆ “ಎ... ಎ...” ಎಂದು ಆಡಿನ ಮರಿಯಂತೆ ಅರಚುತ್ತಿದ್ದ.

ಗೋಪಿನಾಥರಾಯರು ಕಾಣಿಸಿದರು.

“ರಾಯರೇ, ಸೀನಿ! ಒಂಟಿ ಸೀನು! ಒಂದೇ ಸಾಕು!”

ರಾಯರು ಗಾಬರಿಬಿದ್ದು ಎರಡೂ ಕೈಯಿಂದ ಮೂಗನ್ನು ಮತ್ತಷ್ಟು ಬಿಗಿಯಾಗಿ ಹಿಡಿದುಕೊಂಡರು. “ಇಲ್ಲಮ್ಮ, ಖಂಡಿತ ಸೀನಲ್ಲ!” ಎಂದರು ಮೂಗಿಲ್ಲದ ದನಿಯಲ್ಲಿ.

ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಎತ್ತಿ ಸಲಾಮು ಹೊಡೆದ. “ದೂರ ಹೊರಟ್ರಾ ಮಿಸ್?”

“ಹಾಗಲ್ಲವೋ! ಎಲ್ಲಿಗೆ ಅಂತ ಕೇಳೋ!”

ಹೂವಿನವಳು ಬುಟ್ಟಿಯನ್ನು ಎದೆಗವಚಿಕೊಂಡು, “ದೂರ ಹೊರಟ್ರಾ ಅಕ್ಕಾ?” ಎಂದು ಇನ್ನೂ ನಯವಾಗಿ ಕೇಳಿದಳು. ಮುನಿರಾಜು ದೂರದಿಂದಲೇ ನೋಡಿ ಕ್ರೇಟು ಕೆಳಗಿಟ್ಟು, ಕಾಲು ಜೋಡಿಸಿ, ನೆಟ್ಟಗೆ ನಿಂತುಕೊಂಡ.

“ಮುನಿರಾಜು, ನಿನ್ನ ದಮ್ಮಯ್ಯ, ಬೆಳಗ್ಗೆ ಕೇಳಿದ್ಯಲ್ಲ, ಅದನ್ನೇ ಇನ್ನೊಂದು ಸಲ ಕೇಳೋ!”

“ಇಲ್ಲ ಮಿಸ್! ಬುದ್ಧಿ ಬಂತು ಮಿಸ್! ಇನ್ನು ಜನ್ಮದಲ್ಲಿ ಕೇಳಲ್ಲ!”

ಬೂತು ಹಿಂದಾಯಿತು. ಮನೆ ಕಾಣಿಸಿತು. ಗೇಟಿನ ಬಳಿ ಕೃಷ್ಣವೇಣಮ್ಮ ಕೋಲೂರಿಕೊಂಡು ನಿಂತಿದ್ದರು. ಮನೆಯಾಚೆ ಇಳಿಜಾರು ಇನ್ನೂ ಕಡಿದು; ಅದರ ಕೊನೆಗೆ ಬಸ್ಸುಗಳು.

“ಅತ್ತೇ! ಕೇಳಿ ಅತ್ತೇ! ಎಲ್ಲಿಗೆ ಅಂತ ಕೇಳೀ!”

ಕೃಷ್ಣವೇಣಮ್ಮನವರಿಗೆ ಅರ್ಥವಾಯಿತು. ಆದರೆ ಬಾಯಿ ಏಳಲಿಲ್ಲ. ಬಾಲ್ಯದಿಂದ ಈವರೆಗೆ ಹೊಸಿಲು ದಾಟಿದ ಒಂದು ಜೀವವನ್ನೂ ಅವರು ಆ ಮಾತು ಕೇಳಿರಲಿಲ್ಲ. ಜಯತೀರ್ಥನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಆಂಬುಲೆನ್ಸಿಗೆ ಹತ್ತಿಸಿದ ದಿನವೂ ಕೇಳಿರಲಿಲ್ಲ. ಇದೇ ಗೇಟನ್ನು ಹಿಡಿದುಕೊಂಡು, ಮಾತು ಹೊರಬೀಳದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅಷ್ಟು ಜೋಪಾನ ಮಾಡಿದರೂ ಮಗ ಹಿಂತಿರುಗಲಿಲ್ಲ.

ಸೊಸೆ ಗೇಟಿನ ಮುಂದೆ ಬಾಣದಂತೆ ಹಾದುಹೋದಳು. ತಂಬಿಗೆಯಿಂದ ಸಿಡಿದ ಒಂದು ಹನಿ ಕೃಷ್ಣವೇಣಮ್ಮನವರ ಕೈಮೇಲೆ ಬಿತ್ತು.

“ಸತ್ಯಾ!” ಎಂದು ಅವರು ಕೂಗಿದರು. ಒಂದು ದಿನದಿಂದ ನೀರು ಕಾಣದ ಗಂಟಲು ಸೀಳಿಹೋಗುವಂತೆ ಕೂಗಿದರು. “ನೀನೂ ಎಲ್ಲಿಗೆ ಹೊರಟೆಯೇ!”

ಗಕ್ಕ!

ಅಂಥ ಗಕ್ಕ ಅಂದಿನವರೆಗೆ ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಗುರುವಿನ ಬಾಯಿಂದಲೇ ಬಂದ ಪ್ರಶ್ನೆ! ಸೈಕಲ್ಲು ನೆಲದಲ್ಲಿ ಹೂತ ಕಂಬದಂತೆ ನಿಂತಿತು. ಸತ್ಯಭಾಮೆ ಹ್ಯಾಂಡಲಿನ ಮೇಲೆ ಮುಗ್ಗರಿಸಿ, ಎರಡೂ ಕೈಯಿಂದ ತಂಬಿಗೆಯನ್ನು ಅಪ್ಪಿ ಹಿಡಿದುಕೊಂಡಳು. ಸ್ವಲ್ಪ ತುಳುಕಿತು. ತುಳಸಿದಳ ಅವಳ ಗಲ್ಲಕ್ಕೆ ಅಂಟಿಕೊಂಡಿತು. ಉಳಿದದ್ದು ಉಳಿಯಿತು.

ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ತಂಬಿಗೆ ಹಿಡಿದು ಅವಳು ಗೇಟಿನ ತನಕ ಹತ್ತಿ ಬಂದಳು. ಒಳಗೆ ಗೋಡೆ ಗಡಿಯಾರ ಏಳು ಹೊಡೆಯುವುದಕ್ಕೆ ಮುಂಚಿನ ಗೊರಗೊರ ಸದ್ದು ತೆಗೆಯಿತು.

“ಕೂತ್ಕೊಳ್ಳಿ ಅತ್ತೆ, ಇಲ್ಲೇ. ಹೊತ್ತಿಲ್ಲ.”

ಕೃಷ್ಣವೇಣಮ್ಮ ಗೇಟಿನ ಮೆಟ್ಟಿಲ ಮೇಲೇ ಕೂತರು. ಜನ್ಮದಲ್ಲಿ ಬೀದಿಗೆ ಮುಖಮಾಡಿ ಕೂತು ಏನನ್ನೂ ಬಾಯಿಗೆ ಹಾಕಿದವರಲ್ಲ. ಬಲಗೈಯನ್ನು ಹಸುವಿನ ಕಿವಿಯಂತೆ ಮಡಿಸಿ, ಗೋಕರ್ಣ ಮಾಡಿ ಚಾಚಿದರು. ಸತ್ಯಭಾಮೆ ಬಗ್ಗಿಸಿದಳು. ಮುದುಕಿ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ ಕುಡಿದರು. ಗುಟುಕ್. ಇನ್ನೊಂದು ಸಲ ಕುಡಿದರು. ಗುಟುಕ್. ಒಳಗೆ ಏಳು ಹೊಡೆಯಿತು.

“ಸಿಕ್ಕಿತು,” ಎಂದರು ಕೃಷ್ಣವೇಣಮ್ಮ.

“ಟಕ್,” ಎಂದಿತು ಸೈಕಲ್ಲು.

ಪ್ರಶ್ನೆ ಕೇಳಿದ್ದಾಯಿತು, ಕೂತದ್ದಾಯಿತು, ಕುಡಿದದ್ದೂ ಆಯಿತು; ಇನ್ನು ಹೊರಡಲು ಅಡ್ಡಿಯೇನು? ಸ್ಟ್ಯಾಂಡಿನಿಂದ ಮೆಲ್ಲನೆ ಜಾರಿ, ಯಾರೂ ಹತ್ತದೆಯೇ ಸೈಕಲ್ಲು ಒಂಟಿಯಾಗಿ, ಬಹು ನೆಮ್ಮದಿಯಿಂದ ಕೆಳಗಿಳಿಯತೊಡಗಿತು. ಬೀದಿಯ ಜನ ಸರಿದು ದಾರಿಬಿಟ್ಟರು. ಆಗತಾನೆ ಗೇಟು ಮುಟ್ಟಿದ್ದ ಪ್ರಾಣೇಶ, “ಅಯ್ಯೋ ನನ್ನ ಪ್ಯಾಡು!” ಎಂದು ಎದೆ ಬಡಿದುಕೊಂಡು ಅದರ ಹಿಂದೆಯೇ ಓಡಿದ. ಸೈಕಲ್ಲು ದೊಡ್ಡ ರಸ್ತೆಯ ಮುಖದಲ್ಲಿ ಯಾರೋ ಸುರಿದಿದ್ದ ಮರಳಿನ ಗುಡ್ಡೆಗೆ ಏರಿ, ಅದರ ನೆತ್ತಿಯ ಮೇಲೆ ಧ್ವಜಸ್ತಂಭದಂತೆ ನೆಟ್ಟಗೆ ನಿಂತಿತು. ಪ್ರಾಣೇಶ ಮಾತ್ರ ನಿಲ್ಲಲಾಗದೆ ಮರಳಿನ ಮೇಲಿಂದ ಹಾದು ಆಚೆ ಬದಿಯಲ್ಲಿ ಕಾಣೆಯಾದ.

“ಅತ್ತೆ, ಹೋಗಿ ನೋಡ್ಲಾ?” ಎಂದಳು ಸತ್ಯಭಾಮೆ.

ಕೃಷ್ಣವೇಣಮ್ಮ ಅವಳ ಗಲ್ಲಕ್ಕೆ ಅಂಟಿದ್ದ ತುಳಸಿದಳವನ್ನು ಬಿಡಿಸಿ ಬಾಯಿಗೆ ಹಾಕಿಕೊಂಡು, ಅವಳ ಹೆಗಲು ಹಿಡಿದು ಎದ್ದರು.

“ಮೊದಲು ಒಳಗೆ ಬಂದು ಬಡಿಸು, ನೀನೂ ಉಣ್ಣು. ಸೈಕಲ್ಲಿಗಾದ್ರೆ ಇಳಿಜಾರು ಎಲ್ಲೋ ಒಂದು ಕಡೆ ಮುಗಿಯುತ್ತೆ. ಪ್ರಾಣೇಶನ ಬುದ್ಧಿಗೆ ಆ ಅನುಕೂಲ ಎಲ್ಲಿದೆ?”